ಹಿಂದಿನಿಂದ ಬರುವವನಿಗೆ ನೀವು ಕಾಣುತ್ತೀರಾ?

(ಸೈಕಲ್ ಜಾಥಾದ ಪೂರ್ವಭಾವಿ ಸಭೆಯಲ್ಲಿ ಪ್ರೆಸ್ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಸಭೆಯಲ್ಲಿ ನನ್ನ ಜಾಗ ಯಾವಾಗಲೂ ಹಿಂದಿನ ಸಾಲು. ನಿಮ್ಮ ಕರಪತ್ರ, ಪೋಸ್ಟರು, ರಸೀದಿ ಪುಸ್ತಕ ಅಚ್ಚು ಹಾಕಿಕೊಡುವುದು ನನ್ನ ಕೆಲಸ. ಓದಿದ್ದು ಪಿಯುಸಿ. ನವೆಂಬರಿನಲ್ಲಿ ನೀವು ಬೆಂಗಳೂರಿನಿಂದ ಮೈಸೂರಿಗೆ ಸೈಕಲ್ ಜಾಥಾ ಹೊರಡುತ್ತೀರೆಂದು ಪೋಸ್ಟರ್ ಅಚ್ಚಿಗೆ ಬಂತು. ಕರಡು ನೋಡಿದೆ. ಹೊರಡುವ ಸಮಯವಿತ್ತು, ಸೇರುವ ಜಾಗವಿತ್ತು, ಹಾರ ಹಾಕುವವರ ಹೆಸರುಗಳು ದಪ್ಪಕ್ಷರದಲ್ಲಿದ್ದವು. ಸೈಕಲ್ಲಿಗೆ ದೀಪ ಇರಲಿ, ಬ್ರೇಕ್ ಹಿಡಿಯುವಂತಿರಲಿ ಎಂಬ ಒಂದೇ ಒಂದು ಸಾಲು ಇರಲಿಲ್ಲ! ಪ್ರೆಸ್ಸಿನವನಿಗೆ ಕಾಗುಣಿತ ತಿದ್ದುವ ಹಕ್ಕಿದೆ, ವಿಷಯ ತಿದ್ದುವ ಹಕ್ಕಿಲ್ಲ. ಅದಕ್ಕೇ ನಿಮ್ಮ ಮುಂದೆ ನಿಂತು ಹೇಳುತ್ತೇನೆ ಅಂದೆ. ಹತ್ತು ನಿಮಿಷ ಕೊಟ್ಟಿದ್ದರು, ಅರ್ಧ ಗಂಟೆ ತೆಗೆದುಕೊಂಡೆ. ಈಗ ಬರೆದೂ ಕೊಡಿ ಎನ್ನುತ್ತಿದ್ದಾರೆ. ಓದುತ್ತಿರುವ ನೀವು ಜಾಥಾಕ್ಕೆ ಬರುವವರೋ ಅಲ್ಲವೋ ಗೊತ್ತಿಲ್ಲ. ಆದರೆ ನಿಮ್ಮ ಮನೆಗೆ ಬೆಳಗಿನ ಪೇಪರ್ ಹಾಕುವ ಹುಡುಗ, ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಸೈಕಲ್ಲಿನಲ್ಲೇ ಬರುತ್ತಿರಬಹುದು. ಮಾತು ಅವರಿಗೂ ಸೇರಿದ್ದು.

ನಾನು ಸೈಕಲ್ ಕಲಿತದ್ದು ಬಾಡಿಗೆ ಅಂಗಡಿಯಲ್ಲಿ, ಗಂಟೆಯ ಲೆಕ್ಕದಲ್ಲಿ. ಸೀಟು ಎದೆಯ ಮಟ್ಟಕ್ಕಿತ್ತು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೇ ಮೊಣಕಾಲು ಕೆತ್ತಿಸಿಕೊಂಡೆವು. ನಮ್ಮ ತಂದೆಯವರು ಹೇಳುತ್ತಿದ್ದರು, ಅವರ ಕಾಲದಲ್ಲಿ ಸಂಜೆಯಾದ ಮೇಲೆ ದೀಪವಿಲ್ಲದೆ ಸೈಕಲ್ ತುಳಿದರೆ ಪೊಲೀಸರು ನಿಲ್ಲಿಸುತ್ತಿದ್ದರಂತೆ, ಡಬಲ್ಸ್ ಹೋದರೆ ಚಕ್ರದ ಗಾಳಿ ಬಿಡುತ್ತಿದ್ದರಂತೆ. ಆಗ ನಗು ಬರುತ್ತಿತ್ತು. ರಸ್ತೆಯಲ್ಲಿ ಅವರಿಗೆ ಎದುರಾಗುತ್ತಿದ್ದುದು ಜಟಕಾ, ಎತ್ತಿನ ಗಾಡಿ, ಎಲ್ಲೋ ಒಂದು ಬಸ್ಸು. ಅಷ್ಟಕ್ಕೇ ದೀಪ ಬೇಕಿತ್ತು! ಇವತ್ತು ಮೆಟ್ರೋ ಕಂಬಗಳ ಕೆಳಗೆ, ಸಿಮೆಂಟ್ ಮಿಕ್ಸರ್ ಲಾರಿಗಳ ಪಕ್ಕದಲ್ಲಿ ದೀಪವಿಲ್ಲದೆ ತುಳಿಯುತ್ತೇವೆ. ಕೇಳುವವರಿಲ್ಲ.

ನಾನು ಇದನ್ನೆಲ್ಲ ಹೇಳಲು ಕಾರಣವಾದ ಸಂಗತಿಗೆ ಬರುತ್ತೇನೆ.

ನಮ್ಮ ಪ್ರೆಸ್ಸಿನಲ್ಲಿ ಒಬ್ಬರು ಬೈಂಡರ್ ಇದ್ದರು. ನನ್ನ ತಂದೆಯವರ ಕಾಲದಿಂದ ಇದ್ದವರು, ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ದಿನಾ ಏಳೆಂಟು ಕಿಲೋಮೀಟರ್ ದೂರದಿಂದ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. 2020ರ ಜನವರಿ. ರಸ್ತೆ ಸುರಕ್ಷತಾ ಸಪ್ತಾಹ ಅಂತ ಒಂದು ಕಡೆಯಿಂದ ಕರಪತ್ರದ ಆರ್ಡರ್ ಬಂದಿತ್ತು. ಹೆಲ್ಮೆಟ್ ಹಾಕಿ, ಸೀಟ್ ಬೆಲ್ಟ್ ಕಟ್ಟಿ, ಕುಡಿದು ಓಡಿಸಬೇಡಿ. ಎಲ್ಲ ಸರಿ. ಸೈಕಲ್ ತುಳಿಯುವವನಿಗೆ ಒಂದು ಅಕ್ಷರವಿರಲಿಲ್ಲ. ಆ ಕರಪತ್ರದ ಮಡಿಕೆ ಹಾಕಿ, ಎಣಿಸಿ, ಕಟ್ಟು ಕಟ್ಟಿದವರು ಇದೇ ಅಣ್ಣ.

ಅದು ಮುಗಿದ ಮಾರನೆಯ ವಾರ ಮದುವೆ ಕಾರ್ಡುಗಳ ಕೆಲಸ. ತಡವಾಯಿತು. ರಾತ್ರಿ ಹತ್ತೂವರೆಗೆ ಅವರು ಹೊರಟಾಗ, "ಅಣ್ಣ, ಹೋಗುವ ದಾರಿಯಲ್ಲೇ ಗಿರಾಕಿ ಮನೆ, ಈ ಕಟ್ಟೊಂದು ಕೊಟ್ಟುಬಿಡಿ" ಅಂತ ಕ್ಯಾರಿಯರಿಗೆ ನಾನೇ ಕಟ್ಟಿದೆ. ಕಪ್ಪು ಪ್ಲಾಸ್ಟಿಕ್ ಹಾಳೆ ಸುತ್ತಿದ ಕಟ್ಟು. "ಟಾರ್ಚ್ ಏನಾದರೂ ಇದೆಯಾ?" ಅಂದೆ. "ಬಿಡಿ ಸ್ವಾಮಿ, ಮೂವತ್ತು ವರ್ಷದಿಂದ ಇದೇ ರಸ್ತೇಲಿ ತುಳೀತಿದ್ದೀನಿ" ಅಂದರು. ಸರಿ ಅಂದೆ. ಹಿಂದಿನಿಂದ ಯಾವುದೋ ವಾಹನ ಹೊಡೆದು ನಿಲ್ಲಿಸದೆ ಹೋಯಿತು. ಹೂವಿನ ಗಾಡಿಯವರೊಬ್ಬರು ನೋಡಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದರು. ಪ್ರಾಣ ಉಳಿಯಿತು. ಎಡಗಾಲು ತೊಡೆಯ ಹತ್ತಿರ ಮುರಿದಿತ್ತು. ರಾಡು ಹಾಕಿ ಮನೆಗೆ ಕಳುಹಿಸುವ ಹೊತ್ತಿಗೆ ಮಾರ್ಚ್ ಬಂತು, ಲಾಕ್‌ಡೌನ್ ಬಂತು. ಅವರು ಮತ್ತೆ ಬೈಂಡಿಂಗ್ ಟೇಬಲ್ಲಿಗೆ ಬರಲಿಲ್ಲ.

ಸೈಕಲ್ ತಂದು ಪ್ರೆಸ್ಸಿನ ಹಿಂದೆ ನಿಲ್ಲಿಸಿದೆವು. ಒಂದು ದಿನ ಸುಮ್ಮನೆ ನೋಡುತ್ತ ನಿಂತಿದ್ದೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಕೆಂಪು ಗಾಜಿನಂಥ ರಿಫ್ಲೆಕ್ಟರ್ ಇತ್ತು. ಒಡೆದಿರಲಿಲ್ಲ, ಮಾಸಿರಲಿಲ್ಲ, ಕೆಲಸ ಮಾಡುವಂತೆಯೇ ಇತ್ತು. ಆದರೆ ನಾನು ಕಟ್ಟಿದ ಕಟ್ಟಿನ ಪ್ಲಾಸ್ಟಿಕ್ ಹಾಳೆಯ ಒಂದು ತುದಿ ಜೋತು ಬಿದ್ದು ಅದನ್ನು ಪೂರ್ತಿ ಮುಚ್ಚಿತ್ತು. ಹರಿದ ಹಾಳೆ ಇನ್ನೂ ಅಲ್ಲೇ ಸಿಕ್ಕಿಕೊಂಡಿತ್ತು.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್ ಮುಂದೆ ಬರುತ್ತದೆ. ಕಪ್ಪು ಅಂಗಿ, ಕಪ್ಪು ಪ್ಲಾಸ್ಟಿಕ್, ಕಪ್ಪು ರಸ್ತೆ. ಮೂವತ್ತು ನಲವತ್ತು ಮೀಟರ್ ಹತ್ತಿರ ಬಂದಾಗ ಕಂಡರೆ ಚಾಲಕನಿಗೆ ಉಳಿಯುವುದು ಎರಡು ಸೆಕೆಂಡು. ಅವನು ನೋಡಿ, ಗಾಬರಿಯಾಗಿ, ಕಾಲನ್ನು ಬ್ರೇಕಿಗೆ ಒಯ್ಯುವಷ್ಟರಲ್ಲಿ ಒಂದು ಸೆಕೆಂಡು ಹೋಗಿರುತ್ತದೆ. ನಿಲ್ಲಿಸದೆ ಹೋದವನನ್ನು ನಾನು ಕ್ಷಮಿಸಿಲ್ಲ. ಆದರೆ ಅವನಿಗೆ ಅಣ್ಣ ಕಾಣದಂತೆ ಮಾಡಿದ್ದರಲ್ಲಿ ನನ್ನ ಕೈಯೂ ಇತ್ತು ಎಂಬುದನ್ನು ಮರೆಯಲು ಆಗಿಲ್ಲ.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕ. ಅದರಲ್ಲಿ ಸೈಕಲ್ ತುಳಿಯುವವರೇ ನಾಲ್ಕು ಸಾವಿರಕ್ಕಿಂತ ಹೆಚ್ಚು. ಇವರಲ್ಲಿ ಹೆಚ್ಚಿನವರು ಯಾರಿರುತ್ತಾರೆ ಹೇಳಿ? ಭಾನುವಾರ ಬೆಳಿಗ್ಗೆ ಬಣ್ಣದ ಜರ್ಸಿ ಹಾಕಿಕೊಂಡು ನಂದಿ ಬೆಟ್ಟಕ್ಕೆ ಹೋಗುವವರಿಗೆ ದೀಪವಿದೆ, ಹೆಲ್ಮೆಟ್ಟಿದೆ, ಜೊತೆಗಾರರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಂದ ನಾನೂ ಕಲಿತಿದ್ದೇನೆ. ಆದರೆ ರಾತ್ರಿ ಪಾಳಿ ಮುಗಿಸಿ ಒಬ್ಬನೇ ಹೋಗುವ ಸೆಕ್ಯುರಿಟಿಯವನಿಗೆ, ಗಾರ್ಮೆಂಟ್ ಗೋದಾಮಿನವನಿಗೆ, ಟೀ ಫ್ಲಾಸ್ಕ್ ನೇತುಹಾಕಿಕೊಂಡು ಮಾರುವವನಿಗೆ ಇದೊಂದೂ ಇಲ್ಲ. ದೀಪ ಯಾರಿಗೆ ಹೆಚ್ಚು ಬೇಕೋ ಅವರ ಹತ್ತಿರವೇ ಅದಿಲ್ಲ.

ಈಗ ಕೆಲಸದ ಮಾತು.

ದೀಪ ಎಂದರೆ ಹಳೆಯ ಡೈನಮೋ ನೆನೆದು ಹೆದರಬೇಡಿ. ಟಯರಿಗೆ ಉಜ್ಜಿ ಕಾಲು ನೋಯಿಸುತ್ತಿದ್ದ ಆ ಕಾಲ ಮುಗಿಯಿತು. ಪುಟ್ಟ ಎಲ್‌ಇಡಿ ದೀಪಗಳು ಬಂದಿವೆ, ಮೊಬೈಲ್ ಚಾರ್ಜರಿಗೇ ಹಾಕಬಹುದು. ಒಂದು ಸಿನಿಮಾಕ್ಕೆ ನೀವು ಖರ್ಚು ಮಾಡುವ ದುಡ್ಡಿನಲ್ಲಿ ಮುಂದಿನ ಬಿಳಿ, ಹಿಂದಿನ ಕೆಂಪು ಎರಡೂ ಬರುತ್ತವೆ. ಒಂದಕ್ಕೆ ಮಾತ್ರ ದುಡ್ಡಿದ್ದರೆ ಹಿಂದಿನ ಕೆಂಪು ಮೊದಲು ಕೊಳ್ಳಿ. ಮುಂದಿನಿಂದ ಬರುವವನನ್ನು ನೀವಾದರೂ ನೋಡುತ್ತೀರಿ, ಹಿಂದಿನಿಂದ ಬರುವವನನ್ನು ನೋಡುವವರು ಯಾರು? ಜೊತೆಗೆ ರೇಡಿಯಂ ಅಂಟಿಸಿ. ನಂಬರ್ ಪ್ಲೇಟ್ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರಲ್ಲ, ಬೆಳಕು ಬಿದ್ದರೆ ಹೊಳೆಯುವ ಸ್ಟಿಕ್ಕರು, ಅದು. ಮಡ್‌ಗಾರ್ಡಿಗೆ ಕೆಂಪು, ಮುಂದಿನ ಫೋರ್ಕಿಗೆ ಬಿಳಿ. ಪೆಡಲಿನ ಹಿಂದಿನ ಅಂಚಿಗೆ ಒಂದು ಚೂರು ಅಂಟಿಸಿದರೆ ಇನ್ನೂ ಒಳ್ಳೆಯದು. ಪೆಡಲು ಮೇಲೆ ಕೆಳಗೆ ಹೋಗುವಾಗ ಆ ಬೆಳಕು ಕುಣಿಯುತ್ತದೆ, ನಿಂತ ವಸ್ತುವಲ್ಲ, ಮನುಷ್ಯ ಅಂತ ದೂರದಿಂದಲೇ ತಿಳಿಯುತ್ತದೆ. ಆದರೆ ರೇಡಿಯಂ ತಾನಾಗಿ ಉರಿಯುವುದಿಲ್ಲ. ಎದುರಿನ ವಾಹನದ ಬೆಳಕು ಅದರ ಮೇಲೆ ಬಿದ್ದಾಗ ಮಾತ್ರ ಹೊಳೆಯುತ್ತದೆ. ಆದ್ದರಿಂದ ದೀಪದ ಬದಲು ಅದಲ್ಲ, ದೀಪದ ಜೊತೆಗೆ ಅದು. ಕ್ಯಾರಿಯರಿನ ಮೇಲೆ ಏನೇ ಕಟ್ಟಿದರೂ ಕಟ್ಟಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ಒಮ್ಮೆ ನೋಡಿ.

ಇನ್ನು ರಸ್ತೆಯಲ್ಲಿ ಎಲ್ಲಿ ತುಳಿಯಬೇಕು? ಎಡಗಡೆ ಅಂಚಿಗೆ ಅಂಟಿಕೊಂಡು ಹೋಗು ಅಂತ ದೊಡ್ಡವರು ಹೇಳಿದ್ದಾರೆ. ಪೂರ್ತಿ ಸರಿಯಲ್ಲ ಸ್ವಾಮಿ! ಅಂಚಿನಲ್ಲಿ ಏನಿದೆ ನೋಡಿ. ಮರಳು, ಗಾಜಿನ ಚೂರು, ತಗ್ಗಿದ ಮ್ಯಾನ್‌ಹೋಲು. ಚರಂಡಿಯ ಕಬ್ಬಿಣದ ಜಾಲರಿಯ ಕಂಬಿಗಳು ರಸ್ತೆಯ ಉದ್ದಕ್ಕೇ ಇದ್ದರೆ ಮುಂದಿನ ಚಕ್ರ ಸೀದಾ ಒಳಗೆ, ನೀವು ಹ್ಯಾಂಡಲ್ಲಿನ ಮೇಲಿಂದ ಆಚೆಗೆ. ಅದರ ಪಕ್ಕದಲ್ಲಿ ಸಾಲಾಗಿ ನಿಂತ ಕಾರುಗಳು. ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ, ಬಾಗಿಲು ತೆರೆಯುವುದು ನಿಮ್ಮ ಮುಖಕ್ಕೆ. ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ಅಂತರ ಬಿಟ್ಟೇ ತುಳಿಯಿರಿ. ಹಿಂದೆ ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ, ಹಾರ್ನ್ ಹೊಡೆಯುವವನಿಗೆ ನೀವು ಕಂಡಿದ್ದೀರಿ ಎಂದೇ ಅರ್ಥ! ನಿಮ್ಮಲ್ಲಿ ಕಾರಿರುವವರು ಒಂದು ಅಭ್ಯಾಸ ಮಾಡಿಕೊಳ್ಳಿ. ಇಳಿಯುವಾಗ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಹಾಲೆಂಡಿನಲ್ಲಿ ಇದು ಬಹಳ ಹಳೆಯ ರೂಢಿ.

ಎಲ್ಲಕ್ಕಿಂತ ಕೆಟ್ಟ ಜಾಗ ಇನ್ನೊಂದಿದೆ. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಅಥವಾ ಲಾರಿಯ ಎಡಪಕ್ಕ. ಸಂದು ಕಂಡಿತು ಅಂತ ನುಗ್ಗುತ್ತೇವೆ. ಡ್ರೈವರ್ ಕೂತಿರುವುದು ಬಲಗಡೆ ಎತ್ತರದಲ್ಲಿ. ಅವನ ಎಡ ಮುಂದಿನ ಚಕ್ರದ ಪಕ್ಕ ನಿಂತವನು ಅವನಿಗೆ ಕಾಣುವುದೇ ಇಲ್ಲ. ಹಸಿರು ದೀಪ ಬಂತು, ಅವನು ಎಡಕ್ಕೆ ತಿರುಗಿಸಿದ. ಉದ್ದನೆಯ ವಾಹನ ತಿರುಗುವಾಗ ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಒಳಗೆ ಸರಿದು ಬರುತ್ತದೆ. ಮುಂದಿನ ಚಕ್ರ ತಪ್ಪಿತು ಅಂತ ನೀವು ಉಸಿರು ಬಿಡುವಾಗ ಹಿಂದಿನದು ಬಂದಿರುತ್ತದೆ. ಬಸ್ಸಿನ ಹಿಂದೆಯೇ ನಿಲ್ಲಿ. ಹೊಗೆ ಕುಡಿಯಬೇಕಾಗುತ್ತದೆ, ಕುಡಿಯಿರಿ. ಬಸ್ಸು ಸ್ಟಾಪಿಗೆ ಬರುವಾಗಲೂ ಅದರ ಮತ್ತು ಫುಟ್‌ಪಾತಿನ ನಡುವೆ ನುಗ್ಗಬೇಡಿ.

ದೊಡ್ಡ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗುವುದು ಕಷ್ಟ ಅನ್ನಿಸಿದರೆ ಇಳಿದು, ಸೈಕಲ್ ತಳ್ಳಿಕೊಂಡು, ಪಾದಚಾರಿಗಳ ಜೊತೆ ದಾಟಿ. ಮರ್ಯಾದೆಯೇನೂ ಹೋಗುವುದಿಲ್ಲ. ನಾನು ನಲವತ್ತು ದಾಟಿದ ಮೇಲೆ ಟೌನ್‌ಹಾಲ್ ಹತ್ತಿರ ಹೀಗೇ ದಾಟುವುದು. ರಾಂಗ್ ಸೈಡ್ ವಿಷಯ ಹೇಳಿದರೆ ಕೆಲವರು ನನ್ನ ಮೇಲೆ ಬೀಳುತ್ತೀರಿ. ಡಿವೈಡರ್ ಸಂದು ಒಂದು ಕಿಲೋಮೀಟರ್ ಆಚೆ ಇದ್ದರೆ ಕಾಲಿನಿಂದ ತುಳಿಯುವವನು ಏನು ಮಾಡಬೇಕು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ, ರಸ್ತೆ ಮಾಡಿದವರ ತಲೆಯಲ್ಲಿ ಸೈಕಲ್ ಇರಲೇ ಇಲ್ಲ. ಆದರೂ ತುಳಿದುಕೊಂಡು ಬರಬೇಡಿ. ಅಡ್ಡ ರಸ್ತೆಯಿಂದ ಹೊರಗೆ ಬರುವವನು ಬಲಗಡೆಗೆ ಮಾತ್ರ ಕತ್ತು ತಿರುಗಿಸಿರುತ್ತಾನೆ, ನೀವು ಎಡಗಡೆಯಿಂದ ಬಂದಿರುತ್ತೀರಿ. ಅಷ್ಟು ದೂರ ಇಳಿದು ತಳ್ಳಿಕೊಂಡು ಬನ್ನಿ.

ಕಿವಿಗೆ ಇಯರ್‌ಫೋನ್ ಬೇಡ. ಇದಕ್ಕೆ ವಿವರಣೆ ಕೊಡುವುದಿಲ್ಲ. ಸೈಕಲ್ ಸವಾರನಿಗೆ ಹೆಲ್ಮೆಟ್ ಹಾಕು ಅಂತ ಕಾನೂನು ಹೇಳುವುದಿಲ್ಲ, ಆದರೂ ಸೈಕಲ್ಲಿಗೆಂದೇ ಮಾಡಿದ ಹಗುರ ಹೆಲ್ಮೆಟ್ ಹಾಕಿ.

ಸೈಕಲ್ಲಿಗೆ ಬೇರೆ ದಾರಿ ಮಾಡಿಲ್ಲವೇ ಅಂತ ಕೇಳಿದಿರಿ. ಮಾಡಿದರು. ಜಯನಗರದಲ್ಲಿ ಗುರುತು ಹಾಕಿದರು, ಅದರ ಮೇಲೆ ಕಾರು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು, ಅದರೊಳಗೆ ಬೈಕುಗಳು ಓಡಿದವು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ವ್ಯವಸ್ಥೆ 450 ಸೈಕಲ್ಲುಗಳೊಂದಿಗೆ ಶುರುವಾಯಿತು, ನಮ್ಮ ಹೊಟ್ಟೆ ಉರಿಯುವಂತೆ! ಇಷ್ಟು ಸಾಕು, ಈ ಪುರಾಣ ಬೇರೆ ದಿನ.

ಜಾಥಾದ ದಾರಿಗೆ ಬರೋಣ. ಪೋಸ್ಟರಿನಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಅಂತ ಹಾಕಿದ್ದಿರಿ. ಒಂದು ಗೊತ್ತಿರಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಕೋಪ ಬರುತ್ತದೆ, ನಮ್ಮ ನೆಲದ ಮೇಲಿನ ರಸ್ತೆ ಅನ್ನುತ್ತೀರಿ. ಬಾವುಟ ಹಿಡಿದು ನುಗ್ಗುತ್ತೇವೆ ಅಂತ ಒಬ್ಬ ತಮ್ಮ ಎದ್ದು ಹೇಳಿದ. ಬೇಡ ತಮ್ಮ! ನೂರರ ವೇಗದಲ್ಲಿ ಬರುವ ಕಾರಿಗೆ ಬಾವುಟದ ಬಣ್ಣ ಓದಲು ಪುರುಸೊತ್ತಿಲ್ಲ. ಸರ್ವಿಸ್ ರಸ್ತೆ ಹಿಡಿಯಬಹುದು, ಆದರೆ ಅದರಲ್ಲಿ ಬಸ್ಸು, ಬೈಕು, ಟ್ರ್ಯಾಕ್ಟರ್ ಎಲ್ಲ ಒಟ್ಟಿಗೇ ನುಗ್ಗುತ್ತವೆ.

ನನ್ನ ಮಾತು ಕೇಳುವುದಾದರೆ ಕನಕಪುರದ ದಾರಿಯಲ್ಲಿ ಹೋಗಿ. ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ. ಅಲ್ಲಿಂದ ಹೆದ್ದಾರಿ ಬಿಟ್ಟು ಕಿರುಗಾವಲು, ಬನ್ನೂರು, ಕಾವೇರಿ ದಾಟಿ ಮೈಸೂರು. ಒಟ್ಟು ಸುಮಾರು 150 ಕಿಲೋಮೀಟರ್. ಹಾರೋಹಳ್ಳಿಯವರೆಗೆ ಕಾರ್ಖಾನೆಗಳ ಲಾರಿ ಕಾಟವಿದೆ, ಆಮೇಲೆ ಏರಿಳಿತವಿದೆ. ಮಳವಳ್ಳಿ ದಾಟಿದ ಮೇಲೆ ನಾಲೆ, ಗದ್ದೆ, ಕಬ್ಬು. ನಾನು ಎರಡು ಸಲ ಹೋಗಿದ್ದೇನೆ, ಎರಡೂ ಸಲ ಗೇರಿಲ್ಲದ ಸೈಕಲ್ಲಿನಲ್ಲಿ. ಏರಿನಲ್ಲಿ ಇಳಿದು ತಳ್ಳಿದೆ. ಹಲಗೂರಿನ ಹೋಟೆಲಿನಲ್ಲಿ ಮುದ್ದೆ ಬಡಿಸಿದವರು ಎಲ್ಲಿಂದ ಬಂದಿರಿ ಅಂತ ಕೇಳಿ ಇನ್ನೊಂದು ಮುದ್ದೆ ದುಡ್ಡಿಲ್ಲದೆ ಹಾಕಿದರು. ಕಾರಿನಿಂದ ಇಳಿದಿದ್ದರೆ ಯಾರೂ ಕೇಳುತ್ತಿರಲಿಲ್ಲ!

ಒಂದೇ ದಿನದಲ್ಲಿ ಮುಟ್ಟುತ್ತೇವೆ ಎಂಬ ಹಟ ಬಿಡಿ. ಗಂಟೆಗೆ 15 ಕಿಲೋಮೀಟರಿನಂತೆ 150ಕ್ಕೆ ಹತ್ತು ಗಂಟೆ ಬರೀ ತುಳಿತ. ಊಟ, ಪಂಕ್ಚರು, ಸ್ವಾಗತ, ಹಾರ, ಭಾಷಣ ಸೇರಿದರೆ ಹದಿನೈದು ಗಂಟೆ. ನವೆಂಬರಿನಲ್ಲಿ ಬೆಳಕಿರುವುದು ಹೆಚ್ಚು ಕಡಿಮೆ ಆರೂಕಾಲಿನಿಂದ ಸಂಜೆ ಆರರವರೆಗೆ. ಮಿಕ್ಕಿದ್ದು ಕತ್ತಲಲ್ಲಿ, ಸುಸ್ತಾದ ಹುಡುಗರು, ಎದುರಿಗೆ ಹಿಂದೀಪವೇ ಇಲ್ಲದ ಕಬ್ಬಿನ ಟ್ರ್ಯಾಕ್ಟರುಗಳು. ಮಳವಳ್ಳಿಯಲ್ಲಿ ರಾತ್ರಿ ತಂಗಿ. ಐದು ಗಂಟೆಗೆ ಕನಕಪುರ ರಸ್ತೆಯಲ್ಲಿ ಸೇರುವುದನ್ನೂ ಬಿಟ್ಟು ಬೆಳಕಾದ ಮೇಲೆ ಹೊರಡಿ.

ಇಬ್ಬಿಬ್ಬರ ಸಾಲು, ವಾಹನ ಬಂದರೆ ಒಬ್ಬೊಬ್ಬರ ಸಾಲು. ಹತ್ತು ಜನಕ್ಕೊಂದು ಗುಂಪು, ಗುಂಪುಗಳ ನಡುವೆ ಹಿಂದಿನ ವಾಹನ ನುಸುಳಿ ಹೋಗುವಷ್ಟು ಜಾಗ. ಬಾವುಟದ ಕೋಲನ್ನು ಹ್ಯಾಂಡಲ್ಲಿಗೆ ಕಟ್ಟಬೇಡಿ. ಗಾಳಿಗೆ ಬಟ್ಟೆ ಮುಖಕ್ಕೆ ಬರುತ್ತದೆ, ಹ್ಯಾಂಡಲ್ ತಿರುಗುವುದಿಲ್ಲ. ಹಿಂದಿನ ಆಕ್ಸಲ್ಲಿನ ಪಕ್ಕ ನೆಟ್ಟಗೆ ಕಟ್ಟಿದರೆ ಅದೇ ಬಾವುಟ ದೂರದಿಂದ ನಿಮ್ಮನ್ನು ತೋರಿಸುತ್ತದೆ. ಡಾಂಬರಿನ ಅಂಚು ಮಣ್ಣಿಗಿಂತ ಎತ್ತರವಿರುವ ಕಡೆ ಕೆಳಗೆ ಜಾರಿದರೆ ಓರೆಯಾಗಿ ಮೇಲೆ ಹತ್ತಿಸಲು ಹೋಗಬೇಡಿ, ಚಕ್ರ ಅಂಚಿಗೆ ಸಿಕ್ಕಿ ರಸ್ತೆಯ ಮಧ್ಯಕ್ಕೇ ಬೀಳುತ್ತೀರಿ. ನಿಲ್ಲಿಸಿ, ಎತ್ತಿ ಇಟ್ಟುಕೊಳ್ಳಿ. ಸುಗ್ಗಿಯ ಕಾಲ, ರಾಗಿ ಹುಲ್ಲು, ಹುರುಳಿ ಬಳ್ಳಿಯನ್ನು ರಸ್ತೆಯ ಮೇಲೇ ಹರವಿರುತ್ತಾರೆ. ಜಾರುತ್ತದೆ, ಚೈನಿಗೆ ಸುತ್ತಿಕೊಳ್ಳುತ್ತದೆ. ರೈತರ ಜೊತೆ ಜಗಳ ಬೇಡ, ಇಳಿದು ನಡೆಯಿರಿ. ಮಳೆ ಬಂದರೆ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಹಿಡಿಯಲು ತಡವಾಗುತ್ತದೆ, ಮುಂಚೆಯೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ. ಒಂದು ಟ್ಯೂಬು, ಪ್ಯಾಚು, ಸಲ್ಯೂಷನ್, ಪಂಪು, ಕಡಲೆಕಾಯಿ ಬೆಲ್ಲ, ಬಾಳೆಹಣ್ಣು. ಇಷ್ಟಿದ್ದರೆ ಆಯಿತು. 1923ರಲ್ಲಿ ಮುಂಬೈಯಿಂದ ಆರು ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. ಅಡಿ ಹಕೀಮ್, ಜಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು 1928ರಲ್ಲಿ ಸುತ್ತು ಮುಗಿಸಿ ವಾಪಸು ಬಂದರು. ನೀವು ಮೈಸೂರಿಗೆ ಸ್ಪೆಷಲ್ ಸೈಕಲ್ ಬೇಕು ಅಂತ ಕೂರಬೇಡಿ.

ಕೊನೆಯದಾಗಿ, ಆಗಬಾರದ್ದು ಆದರೆ? ಬಿದ್ದವನನ್ನು ಆಸ್ಪತ್ರೆಗೆ ಸೇರಿಸಲು ಹೆದರಬೇಡಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಬರುವುದಿಲ್ಲ, ಅವರನ್ನು ಸಾಕ್ಷಿಯಾಗು ಅಂತ ಬಲವಂತ ಮಾಡುವಂತಿಲ್ಲ. ಹೂವಿನ ಗಾಡಿಯವರು ಇದನ್ನು ತಿಳಿದು ಅಣ್ಣನನ್ನು ಎತ್ತಲಿಲ್ಲ. ತಿಳಿಯದೆಯೂ ಎತ್ತಿದರು.

ಹೊಡೆದ ವಾಹನ ಯಾವುದೆಂದು ಗೊತ್ತಾಗದಿದ್ದರೂ ಪರಿಹಾರವಿದೆ ಎಂಬುದು ನನಗೆ 2020ರಲ್ಲಿ ಗೊತ್ತಿರಲಿಲ್ಲ. ಆಗ ತೀವ್ರ ಗಾಯಕ್ಕೆ 12,500 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು 50,000, ಸಾವಾದರೆ 2 ಲಕ್ಷ. ಸೈಕಲ್ಲಿನವನಿಗೂ, ನಡೆದು ಹೋಗುವವನಿಗೂ ಸಿಗುತ್ತದೆ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿರಬೇಕು, ಅರ್ಜಿಯನ್ನು ಕಂದಾಯ ಇಲಾಖೆಯ ಅಧಿಕಾರಿಗೆ ಕೊಡಬೇಕು. ವಾಹನ ಪತ್ತೆಯಾಗದಿದ್ದರೆ ಈ ಯೋಜನೆಯ ವಿಷಯವನ್ನು ಪೊಲೀಸರೇ ಗಾಯಾಳುವಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಹೇಳಿದೆ. ಅಣ್ಣನ ಮನೆಯವರಿಗೆ ಯಾರೂ ತಿಳಿಸಿರಲಿಲ್ಲ. ನಾನು ತಡವಾಗಿ ತಿಳಿದು ಒಂದು ಕಚೇರಿಗೆ ಹೋದಾಗ ಕೈಗೆ ಕೊಟ್ಟ ನಮೂನೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅವರ ಮಗಳು ಅದನ್ನು ಹಿಡಿದುಕೊಂಡು, "ಇಲ್ಲಿ ಏನು ಬರೀಬೇಕು ಮಾವ?" ಅಂತ ಒಂದೊಂದು ಸಾಲಿಗೂ ನನ್ನನ್ನು ಕೇಳಿದಳು. ನನಗೂ ಅರ್ಧ ತಿಳಿಯಲಿಲ್ಲ. ಎಫ್‌ಐಆರ್ ಕೂಡ ಆಗಿರಲಿಲ್ಲ, ಆ ದುಡ್ಡು ಬರಲಿಲ್ಲ.

ಆ ನಮೂನೆಯನ್ನು ವಕೀಲ ಮಿತ್ರರೊಬ್ಬರ ಹತ್ತಿರ ಕೂತು ಕನ್ನಡಕ್ಕೆ ಇಳಿಸಿಕೊಂಡು ನಾನೇ ಅಚ್ಚು ಹಾಕಿದ್ದೇನೆ. ಅದನ್ನೇ ತುಂಬಿ ಕೊಡಲಾಗದಿದ್ದರೂ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನದನ್ನು ತುಂಬಬಹುದು. ಪ್ರೆಸ್ಸಿಗೆ ಬಂದರೆ ಸುಮ್ಮನೆ ಕೊಡುತ್ತೇನೆ. ನಿಮ್ಮ ಬಡಾವಣೆಯ ಸೈಕಲ್ ಶಾಪಿನಲ್ಲಿ ಹತ್ತು ಪ್ರತಿ ಇಟ್ಟು ಬನ್ನಿ.

ಇನ್ನು ಜಾಥಾದ ಹಿಂದಿನ ಶನಿವಾರ ಸಂಜೆ ಐದಕ್ಕೆ ಪ್ರೆಸ್ಸಿನ ಮುಂದೆ ರೇಡಿಯಂ ರೋಲು, ಕತ್ತರಿ ಇಟ್ಟುಕೊಂಡು ಕೂತಿರುತ್ತೇನೆ. ನೀವು ಬನ್ನಿ, ಬರುವಾಗ ನಿಮ್ಮ ರಸ್ತೆಯ ವಾಚ್‌ಮನ್ನನ್ನೋ ಪೇಪರ್ ಹುಡುಗನನ್ನೋ ಅವರ ಸೈಕಲ್ ಸಮೇತ ಕರೆದುಕೊಂಡು ಬನ್ನಿ. ಮಡ್‌ಗಾರ್ಡು ಒರೆಸಿಕೊಂಡೇ ತನ್ನಿ. ಧೂಳಿನ ಮೇಲೆ ಸ್ಟಿಕ್ಕರು ಹಿಡಿಯುವುದಿಲ್ಲ.